ಕೇಳಿ ನಡೆದ ದಾರಿ

ಹೊನ್ನಾವರದ ಕೋರ್ಟಿನ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಊರಿನ ದಾವೆ, ತಕರಾರು, ತೀರ್ಪು ಎಲ್ಲವೂ ಒಮ್ಮೆ ನನ್ನ ಮಷೀನಿನಲ್ಲಿ ಮಗುಚಿ ಮಲಗಿ ಎದ್ದೇ ಹೋಗುತ್ತವೆ. ಹಾಗಾಗಿ ನಾಲ್ಕಕ್ಷರ ಕಾನೂನು ನನಗೂ ಗೊತ್ತೆಂಬ ಜಂಬವಿತ್ತು. ಅದನ್ನು ಇಳಿಸಿದವಳು ಹಳದೀಪುರದ ನಮ್ಮ ಕೇರಿಯ ಬಂಗಾರಕ್ಕ.

ಬಂಗಾರಿ ಎಂದು ಹೆಸರಿಟ್ಟವರು ಯಾರೋ, ಮೈಮೇಲೆ ಬಂಗಾರ ಎಂಬುದು ಮೂಗುತಿಯಲ್ಲಿ ಮಾತ್ರ. ಗಂಡ ಅಣ್ಣಪ್ಪ ಸಣ್ಣ ದೋಣಿಯಲ್ಲಿ ಬಲೆ ಬಿಟ್ಟು ಬೆಳಗಾಗುವಾಗ ದಡ ಹತ್ತುತ್ತಾನೆ. ಬಂಗಾರಕ್ಕ ಮೀನನ್ನು ಬುಟ್ಟಿಗೆ ತುಂಬಿ, ತಲೆಯ ಮೇಲಿಟ್ಟು, ಓಡುತ್ತ ಹೆದ್ದಾರಿ ಸೇರಿ ಕುಮಟೆಯ ಮೊದಲ ಬಸ್ಸು ಹಿಡಿಯುತ್ತಿದ್ದಳು. ಅಲ್ಲಿನ ಗಿರಾಕಿಗಳು ಕಿವಿರು ಎತ್ತಿ ನೋಡದೆ ಬಂಗಡೆ ಮುಟ್ಟುವವರಲ್ಲ. ಬಿಸಿಲೇರಿ ಮೆತ್ತಗಾದ ಮೀನನ್ನು ಪುಕ್ಕಟೆ ಕೊಟ್ಟರೂ ಒಲ್ಲರು. ಅವಳ ಮನೆಯ ಒಲೆ ಆ ಬಸ್ಸಿನ ಮೇಲೆ ಉರಿಯುತ್ತಿತ್ತು.

ದಡಕ್ಕೂ ಹೆದ್ದಾರಿಗೂ ನಡುವೆ ಮಹಾಗಣಪತಿ ಹೆಗಡೆಯವರ ತೆಂಗಿನ ತೋಟ. ತೋಟದ ಅಂಚಿನಲ್ಲೊಂದು ಕಾಲುದಾರಿ. ಬಂಗಾರಕ್ಕನ ಅತ್ತೆ, ಆ ಅತ್ತೆಯ ಅತ್ತೆ, ಎಲ್ಲರೂ ಅಲ್ಲೇ ಬುಟ್ಟಿ ಹೊತ್ತು ನಡೆದವರು. ಹಳ್ಳ ಸುತ್ತಿ ಹೋಗುವ ರಸ್ತೆಯೊಂದು ಇದೆ, ನಿಜ. ಆದರೆ ಅದನ್ನು ಸುತ್ತಿ ಬರುವಷ್ಟರಲ್ಲಿ ಬಸ್ಸು ಹೋಗಿಯೇ ಬಿಟ್ಟಿರುತ್ತದೆ.

ಈ ದಾರಿಗೆ ನಮ್ಮ ಕೇರಿಯವರದೊಂದು ಪದ್ಧತಿ ಇತ್ತು. ನೂಲಹುಣ್ಣಿಮೆಯ ದಿನ ಸಮುದ್ರಕ್ಕೆ ಕಾಯಿ ಬಿಟ್ಟು, ಮಳೆಗಾಲಕ್ಕೆ ದಡ ಸೇರಿದ್ದ ದೋಣಿಗಳನ್ನು ಮತ್ತೆ ಇಳಿಸುವುದು. ಅದೇ ದಿನ ಹೆಗಡೆಯವರ ಜಗಲಿಯ ಮೇಲೂ ಎಲೆ, ಅಡಿಕೆ, ಒಂದು ಕಾಯಿ ಇಟ್ಟು ದಾರಿ ಕೇಳುವುದು.

"ಒಡೆಯಾ, ಈ ವರ್ಷವೂ ನಿಮ್ಮ ತೋಟದಾಗೆ ತಿರಗ್ತೇವು. ದಾರಿ ಕೊಡಿ," ಎಂದು ಬಂಗಾರಕ್ಕ ಕೈ ಮುಗಿಯುತ್ತಿದ್ದಳು.

"ತಿರುಗೇ ಮಾರಾಯ್ತಿ, ಬೇಡ ಅಂದವ್ರು ಯಾರು? ಬಾವಿ ಬದಿಗೆ ಮಾತ್ರ ಬುಟ್ಟಿ ಇಳಿಸಬೇಡ," ಎನ್ನುತ್ತಿದ್ದರು ಹೆಗಡೆಯವರು, ಪಂಚೆಯ ಚುಂಗಿನಿಂದ ಮೂಗು ಒರೆಸಿಕೊಳ್ಳುವವರ ಹಾಗೆ ಮಾಡಿ. ಮೀನಿನ ವಾಸನೆಗೆ ಮೂಗು ಮುಚ್ಚಿದರೂ ದಾರಿ ಮುಚ್ಚದ ಪುಣ್ಯಾತ್ಮ. ಅವರು ಬೇಡ ಎನ್ನುವುದಿಲ್ಲ ಎಂದು ಇವರಿಗೂ ಗೊತ್ತು, ಇವರು ಕೇಳದೆ ಇರುವುದಿಲ್ಲ ಎಂದು ಅವರಿಗೂ ಗೊತ್ತು.

ಹೆಗಡೆಯವರು ತೀರಿಕೊಂಡ ಮೇಲೆ ತೋಟ ಪರವೂರಿನವರೊಬ್ಬರ ಕೈಗೆ ಹೋಯಿತು. ಪ್ರವಾಸಿಗರಿಗೆ ಮನೆಗಳನ್ನು ಕಟ್ಟುತ್ತಾರಂತೆ. ಮೊದಲು ಬೇಲಿ ಬಂತು, ಆಮೇಲೆ ಗೇಟು, ಗೇಟಿನ ಮೇಲೊಂದು ಬೋರ್ಡು: ಅತಿಕ್ರಮ ಪ್ರವೇಶ ಮಾಡಿದವರನ್ನು ಶಿಕ್ಷೆಗೆ ಗುರಿಪಡಿಸಲಾಗುವುದು. ಬಂಗಾರಕ್ಕ ಅದನ್ನು ಅಕ್ಷರ ಕೂಡಿಸಿ ಓದಿ ನನ್ನನ್ನು ಕೇಳಿದಳು.

"ತಮಾ, ಎಂತ ಅದು ಅತಿಕ್ರಮ ಅಂದ್ರೆ?"

"ಅವರ ಜಾಗಕ್ಕೆ ಹೇಳದೆ ನುಗ್ಗೂದು, ಅಕ್ಕಾ."

"ಹಂಗಾರೆ ಅದು ಕಳ್ಳರಿಗೆ ಬರ್ದದ್ದು, ನಮಗಲ್ಲ," ಎಂದು ಬುಟ್ಟಿ ಹೊತ್ತು ಗೇಟಿನ ಸಂದಿಯಲ್ಲಿ ನುಸುಳಿ ಹೋದಳು.

ವಾರ ಕಳೆಯುವುದರೊಳಗೆ ಅವಳ ಮೇಲೆ ಪೊಲೀಸ್ ದೂರು. ಮೀನಿನ ನೀರು ಸೋರುವ ಸೀರೆಯಲ್ಲೇ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ನನ್ನ ಅಂಗಡಿಗೆ ಬರುವ ವಕೀಲ ನಾಗಭೂಷಣರನ್ನು ಕರೆದುಕೊಂಡು ಹೋದೆ. ಅವರು ಪೊಲೀಸರಿಗೆ ಬಿಡಿಸಿ ಹೇಳಿದರು. ಬರೀ ಕಾಲಿಟ್ಟರೆ ಅಪರಾಧವಾಗುವುದಿಲ್ಲ. ಅಪರಾಧ ಮಾಡಲೋ, ಬೆದರಿಸಲೋ, ಅವಮಾನಿಸಲೋ, ಕಿರುಕುಳ ಕೊಡಲೋ ಒಳಗೆ ಹೋಗಿರಬೇಕು. ಈ ಹೆಂಗಸು ಬಸ್ಸು ಹಿಡಿಯಲು ಹೋದವಳು. ದೂರು ಅಲ್ಲಿಗೇ ನಿಂತಿತು. ಆ ದಿನ ನಮ್ಮ ಕೇರಿಯಲ್ಲಿ ಕಾನೂನಿನ ಮೇಲೆ ಬಹಳ ಪ್ರೀತಿ ಹುಟ್ಟಿತು.

ಆ ಪ್ರೀತಿಯಲ್ಲೇ ದಾರಿಗಾಗಿ ದಾವೆ ಹಾಕಿದೆವು. ತೀರ್ಪಿನ ತನಕ ದಾರಿ ತಡೆಯಬಾರದೆಂದು ಆದೇಶವೂ ಸಿಕ್ಕಿತು. ಸಾಕ್ಷಿ ಹೇಳುವ ದಿನ ನಾಗಭೂಷಣರು ಬಂಗಾರಕ್ಕನಿಗೆ ಹೇಳಿದ್ದು ಇಷ್ಟೇ: "ತಲೆತಲಾಂತರದಿಂದ ನಡೀತಾ ಬಂದಿದ್ದೇವೆ ಅನ್ನಿ. ಕೇಳಿದ್ದಕ್ಕಷ್ಟೇ ಉತ್ತರ. ಹೆಚ್ಚು ಮಾತು ಬೇಡ." ಅವರಿಗೆ ಎಲೆ ಅಡಿಕೆಯ ಸುದ್ದಿ ಗೊತ್ತಿರಲಿಲ್ಲ. ಅದನ್ನು ಹೇಳಬೇಕೆಂದು ನಮಗಾದರೂ ಹೇಗೆ ಹೊಳೆಯಬೇಕು?

ಕಟಕಟೆಯಲ್ಲಿ ಅವಳು ಚೆನ್ನಾಗಿಯೇ ಹೇಳಿದಳು. ಎದುರಿನ ವಕೀಲರು ಎದ್ದು ನಿಂತು, ಬೇಸರ ಬಂದವರಂತೆ ಕೇಳಿದರು.

"ಅಂದರೆ ನೀವು ಕೇರಿಯವರೆಲ್ಲ ಹೆಗಡೆಯವರಿಗೆ ಹೇಳದೆ ಕೇಳದೆ, ಕಳ್ಳರ ಹಾಗೆ ಅವರ ತೋಟಕ್ಕೆ ನುಗ್ಗುತ್ತಿದ್ದಿರಿ?"

ಬಂಗಾರಕ್ಕನ ಮುಖ ಕೆಂಪಾಯಿತು.

"ಕೇಳದೆ? ಯಾರು ಹೇಳಿದ್ದು ನಿಮಗೆ? ವರ್ಷಾ ವರ್ಷಾ ಎಲೆ ಅಡಿಕೆ ಇಟ್ಟು, ಕೈ ಮುಗ್ದು, ಒಡೆಯರ ಹತ್ರ ಕೇಳ್ಕಂಡೇ ನಡೆದೋರು ನಾವು! ಅವ್ರು ಹೂಂ ಅಂದ ಮೇಲೇ ಕಾಲಿಟ್ಟದ್ದು. ಕಳ್ಳರ ಜಾತಿಯಲ್ಲ ನಮ್ದು!"

"ಆಯಿತಮ್ಮಾ," ಎಂದು ಆ ವಕೀಲರು ಕೂತುಬಿಟ್ಟರು. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ನಾಗಭೂಷಣರು ಹಣೆಗೆ ಕೈ ಹಚ್ಚಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಂಗಾರಕ್ಕ ಮಾತ್ರ ಗೆದ್ದವಳಂತೆ ಸೆರಗು ಸರಿಮಾಡಿಕೊಂಡು ಕೆಳಗಿಳಿದಳು.

ದಾವೆ ವಜಾ ಆಯಿತು. ಆ ತೀರ್ಪಿನ ಪ್ರತಿ ತೆಗೆದುಕೊಟ್ಟವನೂ ನಾನೇ. ನಾಗಭೂಷಣರು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಅವಳಿಗೆ ತಿಳಿಸಿ ಹೇಳಿದರು. ಇಪ್ಪತ್ತು ವರ್ಷ ಯಾರ ಅಪ್ಪಣೆಯನ್ನೂ ಕೇಳದೆ, ನಮ್ಮದೇ ಹಕ್ಕು ಎಂದು ರಾಜಾರೋಷವಾಗಿ ನಡೆದಿದ್ದರೆ ದಾರಿಯ ಮೇಲೆ ಹಕ್ಕು ಬರುತ್ತಿತ್ತು. ಕೇಳಿ ನಡೆದದ್ದು ಹಕ್ಕಲ್ಲ, ಕೊಟ್ಟವರ ದಯೆ. ಹೊಸ ಯಜಮಾನರಿಗೆ ಆ ದಯೆ ಇಲ್ಲ. ಸುತ್ತುರಸ್ತೆ ಇರುವುದರಿಂದ ಬೇರೆ ದಾರಿಯೇ ಇಲ್ಲ ಎನ್ನುವಂತೆಯೂ ಇಲ್ಲ.

"ಮೇಲಿನ ಕೋರ್ಟಿಗೆ ಹೋಗಬಹುದು, ಆದರೆ ನಿಮ್ಮ ಬಾಯಿಂದಲೇ ಬಂದ ಮಾತಲ್ಲವಾ," ಎಂದು ಅವರು ಎದ್ದರು.

ಬಂಗಾರಕ್ಕ ತೀರ್ಪಿನ ಪ್ರತಿಯನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು. ನನಗೆ ಕಾನೂನಿನ ಮೇಲೆ, ಆ ಕರಿಕೋಟಿನವರ ಮೇಲೆ, ಏನೂ ಮಾಡಲಾಗದ ನನ್ನ ಮೇಲೆ ಸಿಟ್ಟು ಬಂತು. ಮರ್ಯಾದೆಗೆ ಶಿಕ್ಷೆ ಕೊಡುವ ನ್ಯಾಯ ಯಾವ ನ್ಯಾಯ?

ಈಗ ಗೇಟಿಗೆ ಬೀಗ, ಒಳಗೆ ನಾಯಿ. ಸುತ್ತುರಸ್ತೆಯಲ್ಲಿ ಒಂದಷ್ಟು ದಿನ ಓಡಿ ನೋಡಿದಳು, ಬಸ್ಸು ಸಿಗಲಿಲ್ಲ. ಕುಮಟೆಯ ಗಿರಾಕಿಗಳು ಬೇರೆ ಬುಟ್ಟಿ ಹುಡುಕಿಕೊಂಡರು. ದಡಕ್ಕೆ ಟೆಂಪೋ ತರುವ ದಲ್ಲಾಳಿಗೇ ಈಗ ಮೀನು ಕೊಡುತ್ತಾಳೆ. ಮೊನ್ನೆ ಬೆಳಿಗ್ಗೆ ಅವಳ ಜೊತೆ ಮರಳಿನ ಮೇಲೆ ಕೂತಿದ್ದೆ.

"ಆ ದಿನ ನಾ ಬಾಯಿ ಮುಚ್ಕಂಡಿದ್ರೆ ದಾರಿ ಉಳೀತಿತ್ತು, ಅಲ್ದಾ ತಮಾ?"

"ಉಳೀತಿತ್ತೇನೋ ಅಕ್ಕಾ."

"ನಂಗೂ ಗೊತ್ತಾತು. ಆದ್ರೆ ಅಷ್ಟು ಜನರ ಎದುರು ಕಳ್ಳರು ಅಂದ್ರೆ ಸುಮ್ನೆ ನಿಲ್ಲೂದು ಹೆಂಗೆ? ಅದೊಂದು ನಂಗೆ ಹೇಳು."

ಅಷ್ಟರಲ್ಲಿ ಟೆಂಪೋ ಬಂತು. ಅವಳು ಎದ್ದು, ದಲ್ಲಾಳಿ ಹೇಳಿದ ದರಕ್ಕೆ ಬುಟ್ಟಿ ಸುರಿದು ಕೊಟ್ಟಳು.