ಪೆನ್ಸಿಲಿನ ಏಟು

ಮೇಷ್ಟ್ರು ಅವಳನ್ನು ಕತ್ತರಿಯಮ್ಮ ಎಂದೇ ಕರೆಯುತ್ತಿದ್ದರು. ಕೆಲಸದಿಂದ ನಿವೃತ್ತರಾದ ಮೇಲೆ ಅವರು ಅಂಧರ ಗ್ರಂಥಾಲಯದ ಪುಟ್ಟ ಕೋಣೆಯಲ್ಲಿ ಕೂತು ಪುಸ್ತಕ ಓದಿ ರೆಕಾರ್ಡ್ ಮಾಡಿಕೊಡುತ್ತಿದ್ದರು. ಅದರಲ್ಲಿನ ಕೆಮ್ಮು, ತೊದಲು, ಹಾಳೆ ಮಗುಚಿದ ಸದ್ದು ಎಲ್ಲವನ್ನೂ ಅವಳು ಮನೆಯ ಕಂಪ್ಯೂಟರಿನಲ್ಲಿ ಕತ್ತರಿಸಿ ಒಪ್ಪ ಮಾಡುತ್ತಿದ್ದಳು. ಒಂದೂವರೆ ವರ್ಷದ ಮಗಳು ಮಧ್ಯಾಹ್ನ ಮಲಗುವ ಒಂದು ಗಂಟೆಯೇ ಅವಳ ಆಫೀಸು.

ತಪ್ಪು ಓದಿದ ಜಾಗ ಹುಡುಕುವುದೇ ದೊಡ್ಡ ಪಾಡು. ಅದಕ್ಕೆ ಅವಳೇ ಒಂದು ಉಪಾಯ ಹೇಳಿಕೊಟ್ಟಿದ್ದಳು: ತಪ್ಪಿದೊಡನೆ ಪೆನ್ಸಿಲಿನಿಂದ ಮೇಜಿಗೊಂದು ಏಟು ಕೊಟ್ಟು ಆ ವಾಕ್ಯವನ್ನು ಮತ್ತೆ ಓದುವುದು. ತೆರೆಯ ಮೇಲೆ ದನಿ ಹುಲ್ಲಿನಂತೆ ಕಂಡರೆ ಏಟು ಕಂಬದಂತೆ ಎದ್ದು ನಿಲ್ಲುತ್ತಿತ್ತು. ಜೋರಾಗಿಯೇ ಬಡೀರಿ, ಮೇಜು ನಮ್ಮಪ್ಪಂದಲ್ಲ ಎಂದು ಅವರನ್ನು ನಗಿಸಿದ್ದೂ ಅವಳೇ.

ಮೊದಲ ನಾಲ್ಕು ಅಧ್ಯಾಯ ಒಂದೇ ಒಂದು ಏಟಿಲ್ಲದೆ ಸುಸೂತ್ರ ಮುಗಿದವು. ಐದನೆಯದರಲ್ಲಿ ನಾಲಿಗೆ ಹೊರಳದ ಹೆಸರುಗಳಿದ್ದವು, ಏಟುಗಳೂ ಬಿದ್ದವು. ಕೆಲಸ ಮುಗಿಸಿ ಕೇಳಿದರೆ ದನಿ ಬಾವಿಯೊಳಗಿಂದ ಬಂದಂತಿತ್ತು. ಎಲ್ಲ ಅಧ್ಯಾಯಗಳ ದನಿಯನ್ನೂ ಒಂದೇ ಮಟ್ಟಕ್ಕೆ ತರುವ ಗುಂಡಿ ಸಾಫ್ಟ್‌ವೇರಿನಲ್ಲಿತ್ತು. ಅದನ್ನು ಒತ್ತಿಯೂ ಇದ್ದಳು. ಹೆಡ್‌ಫೋನ್ ಬದಲಿಸಿದಳು, ಸಾಫ್ಟ್‌ವೇರ್ ಅಳಿಸಿ ಹೊಸದಾಗಿ ಹಾಕಿ ಮೊದಲಿಂದ ಮಾಡಿದಳು. ಊಹೂಂ. ಅಷ್ಟರಲ್ಲಿ ಕೇಳುಗರೊಬ್ಬರ ದೂರೂ ಬಂತು: ಒಂದು ಅಧ್ಯಾಯಕ್ಕೆ ಕಿವಿ ಮುಚ್ಚಿಕೊಳ್ಳಬೇಕು, ಇನ್ನೊಂದಕ್ಕೆ ಸ್ಪೀಕರಿಗೆ ಕಿವಿ ಅಂಟಿಸಬೇಕು. ಮಗಳಿಗೆ ಹಲ್ಲು ಬರುವ ಜ್ವರ, ಇವಳಿಗೆ ಸಾಲದ ನಿದ್ದೆ. ಮೇಷ್ಟ್ರಿಗೆ ಮಾಡಿದ ಫೋನಿನಲ್ಲಿ ಮಾತು ಒರಟಾಗಿಯೇ ಬಂತು.

“ನಿಮ್ಮ ದನಿ ಇಳೀತಾ ಇದೆ ಮೇಷ್ಟ್ರೇ. ವಯಸ್ಸಾಯ್ತಲ್ಲ, ಇನ್ನು ಸ್ವಲ್ಪ ಗಟ್ಟಿಯಾಗಿ ಓದ್ಬೇಕಾಗತ್ತೆ.”

“ಆಗ್ಲಮ್ಮ” ಅಂದರು ಮೇಷ್ಟ್ರು.

ಅವರು ಗಟ್ಟಿಯಾಗಿ ಓದಿದರು. ಗಂಟಲು ಒಡೆಯಿತು, ತಪ್ಪುಗಳು ಹೆಚ್ಚಿದವು, ತಮ್ಮ ಮೇಲಿನ ಸಿಟ್ಟಿಗೋ ಏನೋ ಪೆನ್ಸಿಲಿನ ಏಟೂ ಬಲವಾಯಿತು. ಅವಳು ಇನ್ನೂ ಸಾಲದು ಎಂದಳು. ಹತ್ತನೆಯ ಅಧ್ಯಾಯ ಮುಗಿದ ವಾರ, ನನ್ನ ಗಂಟಲೂ ರಿಟೈರ್ ಆಯ್ತು, ಬೇರೆಯವರನ್ನು ನೋಡಿಕೊಳ್ಳಿ ಎಂದು ಗ್ರಂಥಾಲಯಕ್ಕೆ ಹೇಳಿಕಳಿಸಿದರು.

ಪ್ರತಿ ಅಧ್ಯಾಯದ ಮೊದಲು ಪುಸ್ತಕದ ಹೆಸರು ಹೇಳುವ ದನಿ ಮಾತ್ರ ಅವಳದು. ಹತ್ತನೆಯದಕ್ಕೆ ಅದನ್ನು ಹೇಳುತ್ತಿದ್ದಾಗ, ಅಂದು ನಿದ್ದೆಯಿಂದ ಬೇಗ ಎದ್ದಿದ್ದ ಮಗಳು ತಟ್ಟೆಗೆ ಚಮಚದಿಂದ ಠಣ್ ಎಂದು ಬಾರಿಸಿದಳು. ಇರಲಿ ಎಂದು ಎಂದಿನಂತೆ ಮೊದಲು ಗುಂಡಿ ಒತ್ತಿ, ಆಮೇಲೆ ಆ ಠಣ್ಣನ್ನು ಕತ್ತರಿಸಿ ಕೇಳಿದಳು. ಅವಳದೇ ದನಿ ಬಾವಿಯೊಳಗಿಂದ ಬಂತು. ಅವಳಿಗಿನ್ನೂ ಇಪ್ಪತ್ತೆಂಟು.

ಆಗ ತಲೆಗೆ ಹೋಯಿತು. ರೆಕಾರ್ಡಿನಲ್ಲಿ ಎಲ್ಲಕ್ಕಿಂತ ಎತ್ತರದ ಸದ್ದು ಯಾವುದೋ ಅದು ತೆರೆಯ ಮೇಲ್ತುದಿಯ ಗೆರೆ ಮುಟ್ಟುವವರೆಗಷ್ಟೇ ಆ ಗುಂಡಿ ಉಳಿದದ್ದನ್ನೂ ಎತ್ತುತ್ತದೆ. ಪೆನ್ಸಿಲಿನ ಏಟು ಆಗಲೇ ಗೆರೆ ಮುಟ್ಟಿದ್ದರೆ ದನಿ ಇದ್ದಲ್ಲೇ ಉಳಿಯುತ್ತದೆ. ಮೊದಲು ಕತ್ತರಿಸಿ ಆಮೇಲೆ ಒತ್ತಬೇಕಿತ್ತು. ಅಡುಗೆ ಮಾಡುವಷ್ಟರಲ್ಲಿ ಆ ಕೆಲಸ ಆಗಿಬಿಡಲಿ ಎಂದು ಅವಳು ಮೊದಲೇ ಒತ್ತಿಟ್ಟು ಒಲೆಯ ಮುಂದೆ ಹೋಗುತ್ತಿದ್ದಳು. ಐದನೆಯ ಅಧ್ಯಾಯವನ್ನು ಸರಿಯಾದ ಕ್ರಮದಲ್ಲಿ ಮಾಡಿ ಹಾಕಿದಳು. ಮೇಷ್ಟ್ರ ದನಿ ಕೋಣೆ ತುಂಬಿತು.

ಅತ್ತೆಯ ಹತ್ತಿರ ಹೇಳಿಕೊಂಡಳು. ಅವರು ಬಟ್ಟೆ ಮಡಚುತ್ತಲೇ, “ಕುಣಿಯಕ್ಕೆ ಬಾರದವಳು ನೆಲ ಡೊಂಕು ಅಂದ್ಳಂತೆ. ಹೋಗಿ ಹೇಳು, ಅವರೇನು ನುಂಗ್ತಾರಾ” ಎಂದರು.

ಅವಳು ಹೋಗಲಿಲ್ಲ, ಫೋನ್ ಮಾಡಿದಳು. ಸಾಫ್ಟ್‌ವೇರಿನಲ್ಲೇ ದೋಷವಿತ್ತು, ಈಗ ಸರಿಹೋಗಿದೆ, ನಿಮ್ಮ ದನಿ ಗಟ್ಟಿಯಾಗೇ ಇದೆ, ದಯವಿಟ್ಟು ಬನ್ನಿ ಎಂದಳು. ಅವರು ಮರುದಿನವೇ ಬಂದು ಕೂತರಂತೆ. ಪೆನ್ಸಿಲ್ ಬೇಡ, ತಪ್ಪಿದರೆ ಬಾಯಲ್ಲೇ ಹೇಳಿಬಿಡಿ ಎಂದೂ ಅಂದಿದ್ದಳು. ಆ ಏಟನ್ನು ಮತ್ತೆ ಕೇಳುವ ಧೈರ್ಯ ಅವಳಿಗಿರಲಿಲ್ಲ.

ಹನ್ನೊಂದನೆಯ ಅಧ್ಯಾಯ ಬಂತು. ಹೆಡ್‌ಫೋನ್ ಹಾಕಿದಳು. ಎರಡು ಪುಟ ಚೆನ್ನಾಗಿ ಓದಿ ಮೇಷ್ಟ್ರು ನಿಂತರು. “ತಪ್ಪಾಯ್ತಮ್ಮ,” ಎಂದು ಮತ್ತೆ ಓದಿದರು. ಸ್ವಲ್ಪ ಮುಂದೆ ಮತ್ತೆ, “ತಪ್ಪಾಯ್ತು.” ಹತ್ತು ನಿಮಿಷದಲ್ಲಿ ಏಳು ಸಲ. ಒಂದೊಂದನ್ನೂ ಆರಿಸಿ ಅಳಿಸುತ್ತ ಬಂದವಳ ಕೈ ಏಳನೆಯದರ ಮೇಲೆ ನಿಂತಿತು. ಹೆಡ್‌ಫೋನ್ ತೆಗೆದಿಟ್ಟು, ಎದ್ದ ಮಗಳನ್ನು ಸೊಂಟಕ್ಕೇರಿಸಿಕೊಂಡು ಗ್ರಂಥಾಲಯಕ್ಕೆ ನಡೆದಳು.

ಮೇಷ್ಟ್ರು ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಳ್ಳುತ್ತಿದ್ದರು. ಅವಳು ಕೂರಲೂ ಇಲ್ಲ.

“ಸಾಫ್ಟ್‌ವೇರಿಂದಲ್ಲ ಮೇಷ್ಟ್ರೇ, ನಂದೇ ತಪ್ಪು. ಏಟು ಕತ್ತರಿಸೋಕೆ ಮುಂಚೆ ಒತ್ತಬಾರದ ಗುಂಡಿ ಒತ್ತಿದೆ. ನಿಮ್ಮ ದನಿಗೆ ಏನೂ ಆಗಿರ್ಲಿಲ್ಲ.”

ಅವರು ಮುಚ್ಚಳವನ್ನು ನಿಧಾನಕ್ಕೆ ತಿರುವಿ ಹಾಕಿದರು.

“ಮೊಮ್ಮಗಳಿಗೆ ಮೂರು ತಿಂಗಳಿಂದ ಕಥೆ ಹೇಳಿಲ್ಲ ಕಣಮ್ಮ ನಾನು. ಗಂಟಲು ಉಳಿಸ್ಕೊಂಡು ಇಲ್ಲಿಗೆ ತರೋಣ ಅಂತ.”

ಮಗಳು ಮೇಜಿನ ಮೇಲಿದ್ದ ಪೆನ್ಸಿಲಿಗೆ ಕೈಚಾಚಿದಳು. ಮೇಷ್ಟ್ರು ಅದನ್ನು ಮಗುವಿನ ಮುಷ್ಟಿಗಿಟ್ಟರು.

“ಆರರಿಂದ ಹತ್ತನೇ ಅಧ್ಯಾಯದವರೆಗೆ ಮತ್ತೆ ಓದ್ತೀನಿ. ಕಿರುಚಿದ್ದನ್ನ ಯಾರೂ ಕೇಳೋದು ಬೇಡ,” ಎಂದರು. “ಇವತ್ತಲ್ಲ. ಇವತ್ತು ಮನೆಗೆ ಬೇಗ ಹೋಗ್ಬೇಕು.”