ದೇವರಿಲ್ಲದವಳ ಸಾಕ್ಷಿ

ಆಗ ನನಗೆ ಅರವತ್ತನಾಲ್ಕು ವರ್ಷ. ಅದು ನಡೆದು ಈಗ ಎಂಟು ವರ್ಷವಾಯಿತು. ಆ ವಯಸ್ಸಿಗೆ ಹೆಂಗಸರಾದವರು ಜಪಸರ ಹಿಡಿಯುತ್ತಾರೆ, ಇಲ್ಲವೇ ಸೊಸೆಯ ಜುಟ್ಟು ಹಿಡಿಯುತ್ತಾರೆ. ನನ್ನ ಕೈಗೆ ಎರಡೂ ಸಿಗಲಿಲ್ಲ. ಮಕ್ಕಳಾಗಲಿಲ್ಲ, ಆದ್ದರಿಂದ ಸೊಸೆ ಇಲ್ಲ. ದೇವರಿಲ್ಲ ಎನ್ನುವುದು ಬಹಳ ಹಿಂದೆಯೇ ತಲೆಯಲ್ಲಿ ಕೂತುಬಿಟ್ಟಿತ್ತು, ಆದ್ದರಿಂದ ಜಪಸರವೂ ಇಲ್ಲ.

ಯಾವಾಗ ಹಾಗೆ ಕೂತಿತು ಎಂದು ಕೇಳಿದರೆ ಹೇಳಲಾರೆ. ಗಂಡ ಸತ್ತಾಗ ದೇವರ ಮೇಲೆ ಸಿಟ್ಟು ಬಂದಿರಬೇಕು ಎಂದುಕೊಂಡು ಕೆಲವರು ನನ್ನನ್ನು ನೋಡಿ ಅಯ್ಯೋ ಅನ್ನುತ್ತಾರೆ. ಅಂಥದ್ದೇನೂ ಆಗಲಿಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಎದುರಿಗೆ ಒಬ್ಬರು ಇರಬೇಕಲ್ಲ. ಮಂಡಿ ಮೊಹಲ್ಲಾದ ವಠಾರದಲ್ಲಿ ಕೂತು, ಮೊಣಕಾಲ ಮುಂದೆ ಮಣೆ ಇಟ್ಟುಕೊಂಡು, ಚಿಕ್ಕಂದಿನಿಂದ ಊದುಬತ್ತಿ ಹೊಸೆದವಳು ನಾನು. ನನ್ನ ಕೈಯ ಬತ್ತಿ ಎಷ್ಟು ದೇವರ ಮೂಗಿಗೆ ಹೊಗೆ ಹಾಕಿದೆಯೋ. ಒಬ್ಬರೂ ಒಂದು ಸಲ ಸೀನಿದ್ದು ಕೇಳಲಿಲ್ಲ. ಹೊಸೆಯುತ್ತ ಹೊಸೆಯುತ್ತ ಒಂದು ದಿನ ನೋಡಿಕೊಂಡರೆ ನಂಬಿಕೆ ಇರಲಿಲ್ಲ. ಹಳೆ ಸೀರೆಯ ಬಣ್ಣ ಯಾವ ಒಗೆತದಲ್ಲಿ ಹೋಯಿತು ಎಂದು ಯಾರಾದರೂ ಹೇಳುತ್ತಾರೆಯೆ?

ಆದರೆ ದೇವರ ಮಾತು ನಡೆಯುವ ಕಡೆ ಹೋಗುವುದನ್ನು ನಾನು ಬಿಟ್ಟಿಲ್ಲ. ಮಠದ ಪ್ರವಚನಕ್ಕೆ ಹೋಗುತ್ತೇನೆ, ಮುಂದಿನ ಸಾಲಿನಲ್ಲೇ ಕೂರುತ್ತೇನೆ, ಈಚೆಗೆ ಕಿವಿ ಮಂದ. ಆಷಾಢದ ಶುಕ್ರವಾರ ವಠಾರದವರ ಜೊತೆ ಚಾಮುಂಡಿ ಬೆಟ್ಟಕ್ಕೂ ಹೋಗುತ್ತೇನೆ. ಅವರು ದರ್ಶನದ ಸಾಲಿನಲ್ಲಿ ನಿಂತರೆ ನಾನು ಎಲ್ಲರ ಚಪ್ಪಲಿ ಕಾಯುತ್ತ ಕೂರುತ್ತೇನೆ. ನಂಬದವಳು ಒಬ್ಬಳು ಜೊತೆಗಿದ್ದರೆ ಎಷ್ಟು ಅನುಕೂಲ ಎಂದು ಅವರಿಗೂ ಗೊತ್ತು. ಬಾಯಲ್ಲಿ ಮಾತ್ರ ಒಪ್ಪುವುದಿಲ್ಲ. "ದೇವ್ರೇ ಇಲ್ಲ ಅನ್ನೋಳ್ಗೆ ದೇವ್ರ ಮಾತು ಯಾಕಮ್ಮ?" ಎಂದು ಪಕ್ಕದ ಮನೆ ಸಾಕಮ್ಮ ನನ್ನನ್ನು ಕೇಳದ ಹಬ್ಬವಿಲ್ಲ. ನಾನು ಬಸ್ಸು ಓಡಿಸುವವಳಲ್ಲ, ಆದರೂ ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತೇನೆ, ಒಳಗೆ ಕೂತಿದ್ದೇನಲ್ಲ ಎನ್ನುತ್ತಿದ್ದೆ. ಅದು ಬಾಯಿಮಾತಿನ ಉತ್ತರ. ನಿಜವಾದ ಉತ್ತರ ಏನೆಂದು ನನಗೇ ತಿಳಿದದ್ದು ಗೌರಿಯ ಗಂಡ ಮಹೇಶ ಸತ್ತ ಮೇಲೆ.

ಗೌರಿ ನನ್ನ ಮನೆಯಿಂದ ಎರಡು ಬಾಗಿಲು ಆಚೆಯವಳು. ಬ್ಲೌಸು ಹೊಲಿಯುತ್ತಾಳೆ. ಮಹೇಶ ಮಂಡಿಯ ಮಾಲು ಸಾಗಿಸುವ ಲಗೇಜ್ ಆಟೋ ಓಡಿಸುತ್ತಿದ್ದ. ಮನೆಯಲ್ಲಿ ಇನ್ನೊಂದು ಜೀವ ಎಂದರೆ ಅವನ ತಾಯಿ ಚನ್ನಾಜಮ್ಮ, ಎಂಬತ್ತು ದಾಟಿದ ಮುದುಕಿ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದಳು. ಒಂದು ಬೆಳಿಗ್ಗೆ ಮಹೇಶ ಹಲ್ಲುಜ್ಜುತ್ತಿದ್ದವನು ಎದೆ ಹಿಡಿದುಕೊಂಡು ಒಳಗೆ ಬಂದು ಕುಸಿದ. ಗೌರಿಯ ಕೂಗಿಗೆ ನಾವೆಲ್ಲ ಓಡಿದೆವು. ಸಾಕಮ್ಮನ ಗಂಡ ನಂಜಪ್ಪ ಕಾಲು ಹಿಡಿದ, ನಾನೂ ಗೌರಿಯೂ ತಲೆಯ ಕಡೆ ಹಿಡಿದೆವು. ರಸ್ತೆಯಲ್ಲಿ ಹೋಗುತ್ತಿದ್ದ ಆಟೋ ನಿಲ್ಲಿಸಿ ಅವನನ್ನು ಮಲಗಿಸಿದೆವು. ತಲೆ ನನ್ನ ತೊಡೆಯ ಮೇಲೆ. ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಬರುವ ಮುಂಚೆಯೇ ಹೋಗಿದ್ದಾರೆ ಎಂದರು. ಎಷ್ಟು ಮುಂಚೆ ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮಣ್ಣು ಮಾಡಿ ಬಂದ ಮಾರನೆಯ ದಿನ ಮಧ್ಯಾಹ್ನ ಪಂಚಾಂಗ ಹೊರಗೆ ಬಂತು. ನಮ್ಮ ಮತದಲ್ಲಿ ಸೂತಕವೇ ಇಲ್ಲ ಎಂದು ಪ್ರವಚನದಲ್ಲಿ ಹೇಳುತ್ತಾರೆ, ಕೇಳಿದವರು ತಲೆದೂಗುತ್ತಾರೆ, ಮನೆಗೆ ಬಂದು ಪಂಚಾಂಗ ಬಿಚ್ಚುತ್ತಾರೆ. ಮಹೇಶ ಹೋದದ್ದು ಕೆಟ್ಟ ನಕ್ಷತ್ರದಲ್ಲಿ ಎಂದು ತಿಳಿಯಿತು. ಅದಕ್ಕೆ ಪಂಚಕ ಅನ್ನುತ್ತಾರೆ. ಅಂಥ ನಕ್ಷತ್ರದಲ್ಲಿ ಮನೆಯೊಳಗೆ ಜೀವ ಹೋದರೆ, ತಿಥಿ ಮುಗಿದ ಮೇಲೆ ಆ ಮನೆಯನ್ನು ಖಾಲಿ ಮಾಡಿ, ಬೀಗ ಜಡಿದು, ಬಾಗಿಲಿಗೆ ಜಾಲಿಮುಳ್ಳು ಅಡ್ಡ ಹಾಕಿ, ಮೂರು ತಿಂಗಳು ಬಿಟ್ಟು ಹೋಗಬೇಕು. ಹೋಗದಿದ್ದರೆ ಅದೇ ಮನೆಯಿಂದ ಇನ್ನೊಂದು ಜೀವ ಹೋಗುತ್ತದೆ ಎನ್ನುವ ಹೆದರಿಕೆ. ಹಿಂದಿನವರಿಗೆ ದೊಡ್ಡ ಮನೆ, ದನದ ಕೊಟ್ಟಿಗೆ, ತೋಟದ ಗುಡಿಸಲು ಇರುತ್ತಿತ್ತೇನೋ. ಗೌರಿಗೆ ಇದ್ದದ್ದು ಒಂದು ಹಜಾರ, ಒಂದು ಅಡಿಗೆಮನೆ, ಅದೂ ಬಾಡಿಗೆಯದು. ತಿ. ನರಸೀಪುರದ ಅವಳ ಅಣ್ಣ ಮಣ್ಣಿಗೆ ಬಂದವನು, ಮೂರು ತಿಂಗಳು ಕಳೆದ ಮೇಲೆ ಬಾರವ್ವ ಎಂದು ಮೆತ್ತಗೆ ಹೇಳಿ ಬಸ್ಸು ಹತ್ತಿದ್ದ. ಪಂಚಕದ ಮನೆಯವರಿಗೆ ಮೈಸೂರಿನಲ್ಲಿ ಯಾರೂ ಬಾಡಿಗೆಗೆ ಕೊಡುವುದಿಲ್ಲ. ಸೊಂಟ ಮುರಿದ ಮುದುಕಿಯನ್ನು ಹೊತ್ತುಕೊಂಡು ಆ ಹೆಂಗಸು ಎಲ್ಲಿಗೆ ಹೋಗಬೇಕು?

ವಠಾರದ ಯಜಮಾನ ಬಸಪ್ಪನವರು ಬೆಲ್ಲದ ಮಂಡಿಯವರು. ಕೆಟ್ಟ ಮನುಷ್ಯರಲ್ಲ. ಬಾಡಿಗೆ ತಡವಾದರೆ ಕೂಗಾಡುವವರಲ್ಲ, ನಕ್ಷತ್ರಕ್ಕೆ ಮಾತ್ರ ನಡುಗುವವರು. ಪಂಚಾಂಗ ನೋಡುವ ಅಯ್ಯನವರನ್ನು ಕರೆಸಿ, ನಲ್ಲಿಯ ಪಕ್ಕದ ಜಗಲಿಯಲ್ಲಿ ಚಾಪೆ ಹಾಸಿ, ಎಲ್ಲರನ್ನೂ ಕೂರಿಸಿದರು. ನಾನೂ ಹೋಗಿ ಕೂತೆ. "ನೀನ್ಯಾಕ್ ಬಂದೆ ಪುಟ್ಟತಾಯಮ್ಮ? ಇದು ಸಾಸ್ತ್ರದ್ ವಿಸ್ಯ" ಎಂದರು ಬಸಪ್ಪನವರು. ನಾನು ಏಳಲಿಲ್ಲ.

ಅಲ್ಲಿ ನಾನು ಮೊದಲು ಮಾಡಿದ್ದು ಒಂದು ದೊಡ್ಡ ತಪ್ಪು. ನಂಬದವರೆಲ್ಲ ಮಾಡುವ ತಪ್ಪು ಅದು: ನ್ಯಾಯವಾಗಿ ಮಾತಾಡಿದೆ. ಬಸಪ್ಪಣ್ಣ, ಈ ವಠಾರಕ್ಕೆಲ್ಲ ಒಂದೇ ಸೂರು, ಮಧ್ಯೆ ಇರುವುದು ಒಂದೊಂದು ಇಟ್ಟಿಗೆಯ ಗೋಡೆ, ಸಾಕಮ್ಮ ಗೊರಕೆ ಹೊಡೆದರೆ ನನಗೆ ಎಚ್ಚರವಾಗುತ್ತದೆ, ಆಕಾಶದಿಂದ ಇಳಿಯುವ ದೋಷಕ್ಕೆ ಗೌರಿಯ ಬಾಗಿಲು ಯಾವುದು ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಎಲ್ಲರೂ ನಗುತ್ತಾರೆ, ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ಸಾಕಮ್ಮ ಮೇಲೆ ಸೂರು ನೋಡಿದಳು, ಅಯ್ಯನವರ ಮುಖ ನೋಡಿದಳು.

"ಅಂಗಾರೆ ನಮ್ಮನೇಗೂ ಬತ್ತದಾ ಬುದ್ದಿ?"

ಅಷ್ಟೇ ಸಾಕಾಯಿತು. ಜಗಲಿಯ ಮೇಲೆ ಗುಸುಗುಸು ಎದ್ದಿತು. ಅದುವರೆಗೆ ಗೌರಿಯ ಪರ ಅಯ್ಯೋ ಎನ್ನುತ್ತಿದ್ದವರೂ ಈಗ ಅವಳು ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು ಎನ್ನತೊಡಗಿದರು. ಒಬ್ಬಳ ಮೇಲಿದ್ದ ದೋಷವನ್ನು ನಾನು ನನ್ನ ಬುದ್ಧಿವಂತಿಕೆಯಿಂದ ವಠಾರಕ್ಕೆಲ್ಲ ಹಂಚಿದ್ದೆ. ಗೌರಿ ಬಾಗಿಲ ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ನನ್ನ ಕಡೆ ನೋಡಿದ ನೋಟದಲ್ಲಿ ಬೈಗುಳವಿರಲಿಲ್ಲ. ಸುಮ್ಮನಿರು ಎನ್ನುವ ಬೇಡಿಕೆ ಇತ್ತು.

ದಾರಿ ತೆಗೆದವರು ಅಯ್ಯನವರೇ. ಪಂಚಾಂಗ ಮಡಿಸಿ ತೊಡೆಯ ಮೇಲಿಟ್ಟುಕೊಂಡು, ದೋಷ ಬರುವುದು ಜೀವ ಮನೆಯೊಳಗೆ ಹೋಗಿದ್ದರೆ ಮಾತ್ರ ಎಂದರು. ಹೊಸಿಲು ದಾಟಿದ ಮೇಲೆ ಹೋಗಿದ್ದರೆ ಮನೆಗೆ ದೋಷವಿಲ್ಲ. ಹಾಗಾದರೆ ಆಟೋದವನ ಗತಿ ಏನು ಎಂದು ನಂಜಪ್ಪ ಕೇಳಿದ್ದಕ್ಕೆ, ಚಕ್ರದ ಮೇಲೆ ಇರುವುದಕ್ಕೆ ದೋಷ ನಿಲ್ಲುವುದಿಲ್ಲ ಎಂದುಬಿಟ್ಟರು. ಅದು ಯಾವ ಶಾಸ್ತ್ರದಲ್ಲಿದೆಯೋ ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿರಲಿಲ್ಲ ಎಂದು ಈಗಲೂ ನನಗೆ ಗುಮಾನಿ. ಆ ಹೊತ್ತಿನಲ್ಲಿ ಅವರು ಒಬ್ಬ ಹೆಂಗಸಿಗಾಗಿ ಶಾಸ್ತ್ರವನ್ನು ಹಿಂಜುತ್ತಿದ್ದರು, ಹತ್ತಿ ಹಿಂಜಿದ ಹಾಗೆ. ನಂಬುವವರಲ್ಲೂ ಇಂಥವರಿರುತ್ತಾರೆ. ಇದನ್ನು ನಾನು ಬರೆಯದಿದ್ದರೆ ಅನ್ಯಾಯವಾಗುತ್ತದೆ.

ಆಮೇಲೆ ಅವರು ಹೊತ್ತವರನ್ನು ಕೇಳಿದರು: ಹೊಸಿಲು ದಾಟುವಾಗ ಉಸಿರಿತ್ತೆ? ಹೆಂಡತಿಯ ಮಾತು ಸಾಕ್ಷಿಗೆ ಬರುವುದಿಲ್ಲ ಎಂದು ಬಸಪ್ಪನವರು ಮೊದಲೇ ಹೇಳಿದ್ದರು. ಉಳಿದವರು ನಂಜಪ್ಪ ಮತ್ತು ನಾನು. ನಂಜಪ್ಪನಿಗೆ "ಇತ್ತು" ಎಂದು ಹೇಳುವ ಆಸೆ ಬಾಯಿ ತುದಿಯವರೆಗೂ ಬಂದಿತ್ತು, ನಾನೇ ಕಂಡೆ. ಸಾಕಮ್ಮ ಅವನ ಪಂಚೆಯ ಚುಂಗು ಎಳೆದಳು, ದೇವರ ವಿಷಯ, ತಿಳಿಯದ್ದನ್ನು ಹೇಳಬೇಡ ಎಂದು. ಅವನು ಪಂಚೆ ಬಿಡಿಸಿಕೊಂಡ.

"ನಾನು ಕಾಲ್ ಇಡ್ಕಂಡಿದ್ದೆ ಬುದ್ದಿ. ಕಾಲಲ್ಲಿ ಏನ್ ಗೊತ್ತಾಯ್ತದೆ?"

ಅಯ್ಯನವರು ನನ್ನ ಕಡೆ ತಿರುಗಿದರು. "ತಾಯಿ, ತಲೆ ನಿನ್ನ ತೊಡೆ ಮೇಲಿತ್ತು."

ಉಸಿರಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಅವನನ್ನು ಒಳಗಿನಿಂದ ಎತ್ತುವಾಗ ಭಾರವಾಗಿದ್ದ, ಬದುಕಿದವರೂ ಭಾರವಿರುತ್ತಾರೆ. ಆಟೋದಲ್ಲಿ ಅವನ ಎದೆಯ ಮೇಲೆ ಕೈ ಇಟ್ಟಾಗ ಅಂಗೈಗೆ ಏನೋ ಅದುರಿತು, ಎಂಜಿನ್ನೂ ಅದುರುತ್ತಿತ್ತು. ಎರಡರಲ್ಲಿ ಯಾವುದು ಎಂದು ಬಿಡಿಸಿ ನೋಡುವ ಹೊತ್ತು ಅದಾಗಿರಲಿಲ್ಲ. ಗೊತ್ತಿಲ್ಲ ಎಂದರೆ ಅದು ನಿಜ, ಬಾಗಿಲಿಗೆ ಮುಳ್ಳು. ಇತ್ತು ಎಂದರೆ ಅದೂ ನಿಜವಿರಬಹುದು, ಮುದುಕಿ ತನ್ನ ಹಾಸಿಗೆಯಲ್ಲೇ ಮಲಗಿರಬಹುದು.

"ಇತ್ತು" ಎಂದೆ.

ಬಸಪ್ಪನವರು ಮುಂದಕ್ಕೆ ಬಾಗಿದರು. "ದೇವ್ರಾಣೆ ಮಾಡು."

ನಿಮಗೆ ಸಮಾಧಾನವಾಗುವುದಾದರೆ ಮಾಡುತ್ತೇನೆ, ಎಷ್ಟು ದೇವರ ಮೇಲೆ ಬೇಕು ಹೇಳಿ ಎಂದೆ. ಅವರಿಗೆ ಅದು ಇನ್ನೂ ಕಷ್ಟಕ್ಕೆ ಬಂತು. ಬೇರೆಯವರು ಆಣೆ ಮಾಡಲು ಹೆದರುತ್ತಾರೆ. ಹೆದರದವಳ ಆಣೆಗೆ ಬೆಲೆ ಇಲ್ಲ. ನನ್ನ ಸಾಕ್ಷಿಯನ್ನು ಬಿಡುವ ಹಾಗೂ ಇಲ್ಲ, ಹಿಡಿಯುವ ಹಾಗೂ ಇಲ್ಲ. ಅಯ್ಯನವರು ಪಂಚಾಂಗವನ್ನು ಪಕ್ಕಕ್ಕೆ ಸರಿಸಿದರು.

"ಆಣೆ ಬ್ಯಾಡ ಬುಡಿ. ಹೊಣೆ ಹೊತ್ಕತೀಯಾ ತಾಯಿ? ಈ ಮೂರು ತಿಂಗಳಲ್ಲಿ ಆ ಮನೇಲಿ ಇನ್ನೊಂದು ಹೆಚ್ಚುಕಮ್ಮಿ ಆದ್ರೆ, ಇವರೆಲ್ಲ ನಿನ್ನ ಬಾಗ್ಲಿಗೇ ಬರ್ತಾರೆ."

"ಬರ್ಲಿ ಬುದ್ದಿ. ಬಾಗ್ಲು ತೆಗ್ದೇ ಇರ್ತದೆ."

ಧೈರ್ಯವಾಗಿ ಹೇಳಿದೆ. ಹೇಳಿದ ಮೇಲೆ ನೋಡಿದರೆ ಜಗಲಿಯಲ್ಲಿ ಕೂತವರ ಕಣ್ಣೆಲ್ಲ ಗೌರಿಯ ಮನೆಯ ಒಳಗಿನ ಮಂಚದ ಕಡೆ ತಿರುಗಿತ್ತು. ಚನ್ನಾಜಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಗ ಸತ್ತಾಗಿನಿಂದ ಒಂದು ತುತ್ತು ತಿಂದಿರಲಿಲ್ಲ. ಅದೇ ಹೊತ್ತಿಗೆ ಒಂದು ಸಲ ಕೆಮ್ಮಿದಳು. ನಾನು ಯಾವುದಕ್ಕೆ ಜಾಮೀನು ನಿಂತಿದ್ದೇನೆ ಎಂದು ಆಗ ತಿಳಿಯಿತು. ಬಸಪ್ಪನವರು ಎದ್ದು ಚಾಪೆ ಸುತ್ತಿಸಿದರು. ಮುಳ್ಳು ಬೇಡವೆಂದಾಯಿತು. ಗೌರಿ ಹೊರಗೆ ಬಂದಳು. ನಲ್ಲಿ ತಿರುಗಿಸಿ ಕೊಡ ಇಟ್ಟಳು, ಆ ಮನೆಗೆ ಇನ್ನೂ ನೀರು ಬೇಕು ಎನ್ನುವ ಹಾಗೆ.

ಆ ಸಂಜೆ ನಾನು ಊದುಬತ್ತಿ ಹೊಸೆಯಲಿಲ್ಲ, ಸುಮ್ಮನೆ ಕೂತು ಯೋಚಿಸಿದೆ. ದೇವರಿಲ್ಲದವರಿಗೆ ದೇವರ ಮಾತು ಯಾಕೆ? ದೇವರು ಇದ್ದಾನೋ ಇಲ್ಲವೋ, ಆ ಜಗಲಿಯಲ್ಲಿ ಅದನ್ನು ಯಾರೂ ಎತ್ತಲೇ ಇಲ್ಲ. ಎತ್ತಿದ್ದು ಗೌರಿ ಎಲ್ಲಿ ಮಲಗಬೇಕು ಎನ್ನುವುದನ್ನು. ಧರ್ಮದ ಮಾತು ಎಂದು ನಡೆಯುವ ಮಾತೆಲ್ಲ ಕೊನೆಗೆ ಇಂಥದ್ದೇ: ಯಾರು ಒಳಗೆ, ಯಾರು ಹೊರಗೆ, ಯಾರು ಹೂ ಮುಡಿಯಬೇಕು, ಯಾರು ಬಾವಿ ಮುಟ್ಟಬೇಕು. ನಾನು ನಂಬುವುದಿಲ್ಲ ಎಂದು ಮನೆಯಲ್ಲಿ ಕೂತರೆ ಮುಳ್ಳು ಚುಚ್ಚುವುದನ್ನು ಬಿಡುವುದಿಲ್ಲ. ಸರಸ್ವತಿಪುರಂನಲ್ಲಿ ನನ್ನ ಬತ್ತಿ ಕೊಳ್ಳುವ ಒಬ್ಬ ಮೇಷ್ಟರಿದ್ದಾರೆ, ವಾಸನೆಗೆ ಮಾತ್ರ ಹಚ್ಚುವವರು, ನನ್ನ ಹಾಗೆಯೇ ನಂಬದವರು. ಶಾಸ್ತ್ರ ನಂಬುವವರ ಜೊತೆ ಮಾತೇ ಆಡಬಾರದು ಎನ್ನುತ್ತಾರೆ. ಅವರಿಗೆ ಸ್ವಂತ ಮನೆ, ಸುತ್ತ ಕಾಂಪೌಂಡು. ಅವರು ಮಾತು ಬಿಡಬಹುದು. ಒಂದೇ ಸೂರಿನ ಕೆಳಗಿರುವವರಿಗೆ ಆ ಸೌಕರ್ಯವಿಲ್ಲ.

ಇನ್ನೂ ಒಂದು ಹೊಳೆಯಿತು. ಆ ಸಭೆಯಲ್ಲಿ ಒಳ್ಳೆಯವರಿಗೆ ಕೊರತೆ ಇರಲಿಲ್ಲ. ಅಯ್ಯನವರು ಒಳ್ಳೆಯವರು, ನಂಜಪ್ಪ ಒಳ್ಳೆಯವನು, ಸಾಕಮ್ಮ ಕೂಡ ಗೌರಿಯ ಮನೆಗೆ ಮೂರು ಹೊತ್ತು ಗಂಜಿ ಕಳಿಸಿದವಳು. ಅವರೆಲ್ಲರ ಒಳ್ಳೆಯತನಕ್ಕೂ ಬಾಯಿ ಕಟ್ಟಿತ್ತು, ಅಷ್ಟೆ. ಅಂಥ ಕಡೆ ಮೇಲಿನವನಿಗೆ ಹೆದರದವರು ಒಬ್ಬರು ಕೂತಿರಬೇಕಾಗುತ್ತದೆ. ಆದರೆ ಹೆದರಿಕೆ ಇಲ್ಲ ಎಂದು ಬೀಗುವುದೂ ಬೇಡ. ನಂಬುವವರು ಹೊಣೆಯನ್ನು ಮೇಲಕ್ಕೆ ಎಸೆದು ಮಲಗುತ್ತಾರೆ. ನಮಗೆ ಎಸೆಯುವುದಕ್ಕೆ ಮೇಲೆ ಯಾರೂ ಇಲ್ಲ. ಹಿಡಿದುಕೊಂಡೇ ಮಲಗಬೇಕು.

ಮಾರನೆಯ ಬೆಳಿಗ್ಗೆ ಎದ್ದವಳೇ, ಮುಖಕ್ಕೂ ನೀರು ಹಾಕಿಕೊಳ್ಳದೆ ಗೌರಿಯ ಮನೆಗೆ ಹೋದೆ. ಗೌರಿ ಬಚ್ಚಲಲ್ಲಿದ್ದಳು. ಚನ್ನಾಜಮ್ಮ ಅಂಗಾತ ಮಲಗಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು, ಅಲುಗಾಟವಿಲ್ಲ. ನಾನು ಬಗ್ಗಿ ಅವಳ ಮೂಗಿನ ಕೆಳಗೆ ಬೆರಳು ಹಿಡಿದೆ. ಮುದುಕಿ ಕಣ್ಣು ಬಿಟ್ಟು ನನ್ನನ್ನೇ ನೋಡಿದಳು.

"ನಿನ್ನೆ ಎಲ್ಲಾ ಕೇಳಿಸ್ತು ಕಣೆ ಪುಟ್ಟಿ. ನಿನ್ ಮಾನ ಉಳಿಸಾಕಾದ್ರೂ ಇನ್ನ ಮೂರ್ ತಿಂಗ್ಳು ನಾನು ಉಣ್ಬೇಕು. ಏನಾರ ಕಾಸ್ಕಂಡ್ ಬಾ ಓಗು."

ಹೋಗಿ ಒಲೆ ಹಚ್ಚಿ ಗಂಜಿಗೆ ಇಟ್ಟೆ.