ಎದ್ದು ಕೂತು ಮಗ್ಗುಲು ಬದಲಿಸುವುದು

ಬಸುರಿ ಮಲಗಿದಲ್ಲೇ ಹೊರಳಬಾರದು, ಎದ್ದು ಕೂತು ಆಮೇಲೆ ಇನ್ನೊಂದು ಮಗ್ಗುಲಿಗೆ ತಿರುಗಬೇಕು. ಇಲ್ಲದಿದ್ದರೆ ಕರುಳಬಳ್ಳಿ ಮಗುವಿನ ಕೊರಳಿಗೆ ಸುತ್ತಿಕೊಳ್ಳುತ್ತದೆ. ಇದು ನಮ್ಮ ಅಜ್ಜಿಯ ಶಾಸನ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತು ಪಳಗಿದ ನಾನು ಇದನ್ನು ಹತ್ತಾರು ಸಲ ಖಂಡಿಸಿದ್ದೆ. ಒಳಗೆ ಮಗು ತಾನೇ ದಿನವಿಡೀ ಲಾಗ ಹಾಕುತ್ತದಲ್ಲ, ಅದಕ್ಕೆ ಎದ್ದು ಕೂರಲು ಯಾರು ಹೇಳಿದರು?

"ನೀನ್ ಹೆತ್ತಿದ್ದೀಯೇನ್ಲಾ?" ಎಂದು ಅಜ್ಜಿ ವಾದ ಮುಗಿಸುತ್ತಿದ್ದಳು. ಹೆತ್ತವರಷ್ಟೇ ಮಾತಾಡಬೇಕೆಂದರೆ ಹೆರಿಗೆ ಮಾಡಿಸುವ ಗಂಡು ಡಾಕ್ಟರರ ಗತಿಯೇನು ಎಂದು ನಾನು ಕೇಳುವಷ್ಟರಲ್ಲಿ ಅವಳು ಹಿತ್ತಲಲ್ಲಿರುತ್ತಿದ್ದಳು.

ಹೆರಿಗೆಗೆಂದು ಮಾಸ್ತಿಯ ನಮ್ಮ ಮನೆಗೆ ಬಂದಿದ್ದ ಅಕ್ಕನಿಗೆ ಆಗ ಎಂಟು ತಿಂಗಳು. ಒಂದು ಬೆಳಿಗ್ಗೆ ಹಾಲಿನ ಡೈರಿಯಿಂದ ನಡೆದು ಬರುತ್ತಿದ್ದವಳಿಗೆ ಬೈಕೊಂದು ಗುದ್ದಿತು. ಮೊಣಕಾಲ ಕೆಳಗೆ ಮೂಳೆ ಮುರಿಯಿತು, ಹೊಟ್ಟೆ ನೆಲಕ್ಕೆ ಬಡಿಯಿತು. ಮಾಲೂರಿನವರೆಗೂ ಆಂಬುಲೆನ್ಸಿನಲ್ಲಿ ಅವಳು ಕಾಲಿನ ಮಾತೇ ಎತ್ತಲಿಲ್ಲ. "ಒದೀತಿಲ್ಲ ಕಣೋ" ಅಂದಳು, ಅಷ್ಟೇ.

ಆಸ್ಪತ್ರೆಯಲ್ಲಿ ಕಾಲು ಅಲುಗದಂತೆ ಪಟ್ಟಿ ಕಟ್ಟಿದರು. ನರ್ಸ್ ಹೊಟ್ಟೆಗೆ ಜೆಲ್ ಸವರಿ, ಪುಟ್ಟ ಯಂತ್ರವೊಂದನ್ನು ಒತ್ತಿ ಮಗುವಿನ ಎದೆಬಡಿತ ಹುಡುಕತೊಡಗಿದಳು. ಬರೀ ಗೊರಗೊರ. ಒಮ್ಮೆ ಏನೋ ಬಡಿದಂತಾಯಿತು.

"ಅದು ತಾಯೀದು" ಅಂದಳು.

"ಮಿಷನ್ ಸರಿಯಾಗಿದೆಯಾ ಸಿಸ್ಟರ್?"

"ಈಗ್ತಾನೇ ಪಕ್ಕದ ಬೆಡ್‌ನೋರಿಗೆ ನೋಡ್ದೆ ಕಣಪ್ಪಾ."

ಅಲ್ಲಿಗೆ ನನ್ನ ತರ್ಕ ಮುಗಿಯಿತು.

"ಎಡಮಗ್ಗುಲಿಗೆ ತಿರುಗ್ಸಿ, ನೋಡೋಣ. ಕಾಲು ನಾನ್ ಹಿಡ್ಕೊಂತೀನಿ."

ಅಕ್ಕ ನನ್ನತ್ತ ಕೈ ಚಾಚಿದಳು. ನಾನು ಅವಳ ಬೆನ್ನಿಗೆ ತೋಳು ಕೊಟ್ಟು ಎಬ್ಬಿಸಿ ಕೂರಿಸತೊಡಗಿದೆ. ಅವಳು ನೋವಿಗೆ ಕಿರುಚಿದಳು.

"ಅಯ್ಯೋ, ಯಾಕ್ರೀ ಕೂರಿಸ್ತಿದೀರಾ? ಹಾಗೇ ತಿರುಗ್ಸಿ ಅಂದ್ರೆ!"

ನಮ್ಮ ಜೊತೆಗೇ ಬಂದು ಬಾಗಿಲ ಬಳಿ ನಿಂತಿದ್ದ ಅಜ್ಜಿ, "ಆಯಮ್ಮ ಹೇಳ್ದಂಗೆ ಮಾಡ್ಲಾ. ಹಂಗೇ ತಿರುಗ್ಸು" ಅಂದಳು. ಅವಳು ತನ್ನ ಶಾಸನ ಬಿಟ್ಟಿದ್ದಳು, ನಾನು ಹಿಡಿದುಕೊಂಡಿದ್ದೆ.

ತಿರುಗಿಸಿದೆವು. ಬಹಳ ಹೊತ್ತಾದ ಮೇಲೆ, ದೂರದಲ್ಲಿ ಯಾರೋ ಓಡುತ್ತಿರುವಂತೆ, ಕೇಳಿಸಿತು. ಗಡಿಯಾರ ನೋಡುತ್ತಾ ಎಣಿಸಿದ ನರ್ಸ್ ನಗಲಿಲ್ಲ. "ಇದೆ. ಆದ್ರೆ ನಿಧಾನ ಆಗ್ತಿದೆ. ಕೋಲಾರಕ್ಕೆ ಹೊರಡಿ, ಈಗ್ಲೇ."

ಕೋಲಾರದ ದಾರಿಯಲ್ಲಿ ರಸ್ತೆಯ ಪ್ರತಿ ಉಬ್ಬಿಗೂ ಅಕ್ಕ ನನ್ನ ಮಣಿಕಟ್ಟು ಹಿಂಡುತ್ತಿದ್ದಳು. "ಈಗ್ಲೂ ಇದೆಯೇನೋ?"

ನನ್ನ ಹತ್ತಿರ ಯಂತ್ರವೂ ಇರಲಿಲ್ಲ, ಪುರಾವೆಯೂ ಇರಲಿಲ್ಲ.

"ಇದೆ ಕಣೇ" ಅಂದೆ. ಮುಂದಿನ ಉಬ್ಬಿಗೂ ಅದನ್ನೇ ಅಂದೆ.